ಹೋಲ್ಡ್‌ನಲ್ಲಿದ್ದಾಗ ಆಡಿದ ಮಾತು

"ಥೂ! ಆ ಓಲ್ವಿನ್ನಾ? ಹತ್ತಿರ ಬಂದ್ರೆ ಮೀನಿನ ವಾಸನೆ! ಅವನನ್ನ ಯಾರೇ ಕಟ್ಕೋತಾರೆ?"

ಸ್ಪೀಕರ್‌ನಿಂದ ಬಂದದ್ದು ಯಾದಿರಾಳದೇ ದನಿ!

ತರಬೇತಿ ಕೋಣೆಯಲ್ಲಿ ನಗೆ ಸಿಡಿಯಿತು. ಅವಳು ಮುಖ ಮುಚ್ಚಿಕೊಂಡಳು. ಗೋಡೆಗೊರಗಿ ನಿಂತಿದ್ದ ಓಲ್ವಿನ್ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಹೊರಗೆ ನಡೆದುಬಿಟ್ಟ.

"ಗ್ರಾಹಕರನ್ನ ಹೋಲ್ಡ್‌ನಲ್ಲಿ ಕಾಯಿಸಿದ್ರೂ ನಿಮ್ಮ ಮಾತು ರೆಕಾರ್ಡ್ ಆಗ್ತಾನೇ ಇರುತ್ತೆ ಮಕ್ಳೇ, ಬಾಯಿ ಬಿಗಿ ಇರಲಿ," ಎಂದರು ಮೇಲ್ವಿಚಾರಕಿ ದೋನ್ಯಾ ಎಲ್ವಿಯಾ.

ಸಾನ್ ಪೆದ್ರೊ ಸೂಲಾ ನಗರದ ಆ ಬಸ್ ಕಂಪನಿಗೆ ಕರೆಗಳೆಲ್ಲ ಕಂಪ್ಯೂಟರಿನಲ್ಲೇ ಬರುತ್ತಿದ್ದವು; ಉತ್ತರಿಸುವುದು ಯಾದಿರಾಳಂಥವರ ಕೆಲಸ. ಅವುಗಳ ರೆಕಾರ್ಡಿಂಗ್ ನೋಡಿಕೊಳ್ಳುವವನೇ ಓಲ್ವಿನ್. ಬೆಳಗ್ಗೆ ಅಮ್ಮನ ಅಂಗಡಿಯಲ್ಲಿ ಮೀನು ಹುರಿದು ಕೆಲಸಕ್ಕೆ ಬರುತ್ತಿದ್ದ.

ಯಾದಿರಾಳ ಕಿವಿ ಸುಡುತ್ತಿತ್ತು. 'ಬೇಕಂತಲೇ ನನ್ನ ಮಾನ ಕಳೆದನಾ?'

ಅವನ ಹಿಂದೆಯೇ ಓಡಿದಳು. ಇಷ್ಟು ದಿನ ಇಬ್ಬರೂ ಎದುರುಬದುರು ಮಾತಾಡಿದ್ದೇ ಇಲ್ಲ!

"ನೀವೇ ಅದನ್ನ ಹಾಕಿಸಿದ್ದು, ಅಲ್ವಾ?"

"ಆರಿಸಿದ್ದು ದೋನ್ಯಾ ಎಲ್ವಿಯಾ," ಎಂದ ಓಲ್ವಿನ್. ಕಣ್ಣು ಕೆಂಪಾಗಿತ್ತು. "ಆದ್ರೆ... ನಾನು ಮೊದಲೇ ಕೇಳಿದ್ದೆ. ಬೇಡ ಅಂದಿದ್ರೆ ಅವರು ಬಿಡ್ತಿದ್ರು. ಅನ್ನಲಿಲ್ಲ. ನಿಮಗೂ ನೋವಾಗ್ಲಿ ಅನ್ನಿಸ್ತು. ನೀವು ಅಲ್ಲಿ ಮುಖ ಮುಚ್ಕೊಂಡಾಗ... ಛೇ! ಎಂಥ ಮನುಷ್ಯ ನಾನು!"

ಯಾದಿರಾಳ ಸಿಟ್ಟು ಜರ್ರನೆ ಇಳಿಯಿತು. ಉಳಿದದ್ದು ನಾಚಿಕೆಯೊಂದೇ. ಬೈದವಳು ತಾನು... ತಪ್ಪೊಪ್ಪಿಕೊಳ್ಳುತ್ತಿರುವವನು ಇವನು!

"ಅವತ್ತು ಪಕ್ಕದ ಸೀಟಿನ ಸುಯಾಪಾ ನನ್ನನ್ನ ಹಿಡಿದುಬಿಟ್ಟಳು," ಎಂದಳು.

"ಏನು ಮಾಡ್ತಿದ್ದಾಗ?"

"ನಿಮ್ಮನ್ನ ನೋಡ್ತಿದ್ದಾಗ! 'ದಿನಾ ಅವನನ್ನೇ ನೋಡ್ತೀಯಲ್ಲೇ' ಅಂತ ಕಿಚಾಯಿಸಿದಳು. ಹೌದು ಅನ್ನೋಕೆ ಧೈರ್ಯ ಬರಲಿಲ್ಲ. ಅದಕ್ಕೇ ಬಾಯಿಗೆ ಬಂದದ್ದು ಅಂದೆ. ನಿಮ್ಮ ಅಮ್ಮನ ದುಡಿಮೆನೇ ಹೀಯಾಳಿಸಿದ ಹಾಗಾಯ್ತು... ನನ್ನನ್ನ ಕ್ಷಮಿಸಬೇಡಿ ಓಲ್ವಿನ್."

ಅವನು ತಲೆಯೆತ್ತಿ ಅವಳನ್ನೇ ನೋಡಿದ.

"ದಿನಾ ನೋಡ್ತಿದ್ದೆಯಾ?" 'ನೀವು' ಎಲ್ಲೋ ಜಾರಿಹೋಗಿತ್ತು.

"ಹೂಂ..."

"ನನಗೆ ಗೊತ್ತೇ ಆಗಲಿಲ್ಲ. ನಾನು ನೋಡಿದಾಗೆಲ್ಲ ನೀನು ಬೇರೆ ಕಡೆ ತಿರುಗಿರ್ತಿದ್ದೆ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಬಾ, ಒಳಗೆ ಹೋಗೋಣ."

"ಹೀಗೇನಾ? ಎಲ್ಲರೂ ಅಲ್ಲೇ ಕೂತಿದ್ದಾರೆ, ಯಾದಿರಾ..."

"ಇರಲಿ. ನಿನ್ನ ಬಗ್ಗೆ ಕೆಟ್ಟದ್ದನ್ನ ಅವರೆಲ್ಲ ನನ್ನ ಬಾಯಿಂದಲೇ ಕೇಳಿದ್ದಾರೆ. ನಿಜವನ್ನೂ ಕೇಳಲಿ."

ಅವನ ಬೆರಳುಗಳು ಅವಳ ಬೆರಳುಗಳಲ್ಲಿ ಮೆಲ್ಲಗೆ ಹೆಣೆದುಕೊಂಡವು.

"ಮೊದಲು ನನಗೆ ಹೇಳು," ಎಂದ.