ಸಾಲಿಮಠ ಪಂಡಿತರ ತಡೆ

“ಹೊಟ್ಟಿ ಒಳಗ ಎಳಕೋಬ್ಯಾಡ್ರಿ ಕಾಕಾ! ಬಿಡ್ರಿ, ಪೂರ್ತಿ ಬಿಡ್ರಿ.”

“ಬಿಟ್ಟೀನಲ್ಲ ಮತ್ತ?”

“ಇಲ್ಲ. ನೀವು ಸುಳ್ಳು ಹೇಳಾಕತ್ತೀರಿ ಅಂತ ಯಂತ್ರ ಹೇಳತದ.”

ಮಬ್ಬುಗಾಜಿನ ಗೂಡಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಪಂಡಿತ ಅಡಿವೆಯ್ಯ ಸಾಲಿಮಠರಿಗೆ ನಗು ತಡೆಯಲಾಗಲಿಲ್ಲ. ಕಣ್ಣಿಗೆ ಕಾಣದಷ್ಟು ಸಪೂರದ ನೂಲುಗಳು ಸೊಂಟದ ಸುತ್ತ ಇರುವೆಗಳಂತೆ ಹರಿದಾಡುತ್ತ ಕಚಗುಳಿ ಇಡುತ್ತಿದ್ದವು. ಗೂಡಿನ ಹೊರಗೆ ಡಾ. ಮೆಹರುನ್ನಿಸಾ ಮುಲ್ಲಾ ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತ ಹಣೆ ಚಚ್ಚಿಕೊಂಡಳು.

“ಒಂದ್ ಕೆಲಸ ಮಾಡ್ರಿ. ಭೂಪ ಹಾಡ್ರಿ.”

“ಚಡ್ಡಿ ಅಳತಿಗೆ ಭೂಪ ರಾಗ ಏನವಾ?”

“ಹಾಡ್ರಿ ಅಂದೆ.”

ಅವರು ಕಣ್ಣು ಮುಚ್ಚಿ ಷಡ್ಜ ಹಿಡಿದರು. ಎರಡನೆಯ ಉಸಿರಿಗೆ ಹೊಟ್ಟೆ ತನ್ನ ಮರ್ಯಾದೆಯ ಚಿಂತೆಯನ್ನು ಮರೆತು ಸಹಜವಾಗಿ ಮುಂದಕ್ಕೆ ಬಂತು. ಅದಕ್ಕೇ ಕಾದಿದ್ದ ನೂಲುಗಳು ಸರ್ರನೆ ಹೆಣೆದುಕೊಂಡವು. ಆಲಾಪ ಪಂಚಮ ಮುಟ್ಟುವುದರೊಳಗೆ ಒಳಚಡ್ಡಿ ಸಿದ್ಧವಾಗಿತ್ತು.

ಮೆಹರ್ ಪಂಡಿತರ ಮನೆಯ ಹಿಂದಿನ ಓಣಿಯಲ್ಲೇ ಬೆಳೆದವಳು. ಈಗ ಧಾರವಾಡದಲ್ಲಿ ಬಟ್ಟೆಯ ವಿಜ್ಞಾನಿ. ಈ ಯಂತ್ರ ಅವಳದೇ, ಹೆಸರು ನೇಯ್ಗೆಗೂಡು. ಅದು ನೇಯುವ ನೂಲಿಗೆ ಅವಳು ಅರಿವೆಳೆ ಎಂದು ಹೆಸರಿಟ್ಟಿದ್ದಳು. ಒಳಗೆ ಟೊಳ್ಳಾದ ಈ ಎಳೆಯಲ್ಲಿ ಒಂದು ಬಗೆಯ ಅಂಟುದ್ರವ ತುಂಬಿರುತ್ತದೆ. ಮೈಯ ಶಾಖದಿಂದಲೇ ಹುಟ್ಟುವ ಅತ್ಯಲ್ಪ ವಿದ್ಯುತ್ತು ಆ ದ್ರವವನ್ನು ಬೇಕೆಂದಾಗ ಗಟ್ಟಿ ಮಾಡುತ್ತದೆ, ಬೇಡವೆಂದಾಗ ಸಡಿಲಿಸುತ್ತದೆ. ಮೈ ಎಲ್ಲಿ ಉಬ್ಬುತ್ತದೋ ಬಟ್ಟೆ ಅಲ್ಲಿ ಹಿಗ್ಗುತ್ತದೆ. ಮೈ ತಗ್ಗಿದರೆ ತಾನೂ ತಗ್ಗುತ್ತದೆ. ಇಲಾಸ್ಟಿಕ್ಕಿನ ಹಂಗಿಲ್ಲ.

“ಗಂಡಸರನ್ನ ನಿಲ್ಲಿಸಿ ಸೊಂಟ ಅಳೀತಾರ,” ಎಂದಳು ಮೆಹರ್. “ಕೂತರ ಅದೇ ಸೊಂಟ ಎರಡು ಬೆರಳು ದಪ್ಪ ಆಗತದ. ನೀವೋ ಜೀವನ ಪೂರ್ತಿ ಕೂತು ಹಾಡಿದವರು.”

“ನನಗೇನ ಗೊತ್ತು? ತರಾಕಿ ನಿಮ್ಮ ಕಾಕು.”

ಅದು ನಿಜ. ಅಡಿವೆಯ್ಯನವರಿಗೆ ರಾಗಗಳ ಹೊತ್ತು ಗೊತ್ತಿತ್ತು, ತಂಬೂರಿಯ ತಂತಿಗಳ ದಪ್ಪ ಗೊತ್ತಿತ್ತು, ತಮ್ಮ ಚಡ್ಡಿಯ ನಂಬರು ಮಾತ್ರ ಗೊತ್ತಿರಲಿಲ್ಲ. ಹೆಂಡತಿ ಗೌರಕ್ಕ ಮದುವೆಯಾದ ವರ್ಷ ಅಂಗಡಿಯವನಿಗೆ ಹೇಳಿದ ನಂಬರನ್ನೇ ಈಗಲೂ ಹೇಳುತ್ತಿದ್ದಳು. ಆ ನಂಬರು ಈಗಿನ ಮೈಯದ್ದಲ್ಲ ಎಂದು ಅವಳಿಗೆ ಹೊಳೆದಿರಲಿಲ್ಲ. ಬಿಗಿಯಾಗುತ್ತದೆ ಎಂದು ಬಾಯಿಬಿಟ್ಟು ಹೇಳಲು ಇವರಿಗೆ ನಾಚಿಕೆ.

ಈಚಿನ ವರ್ಷಗಳಲ್ಲಿ ಉಸಿರು ಕೈಕೊಡುತ್ತಿತ್ತು. ಮೊದಲು ಒಂದೇ ಉಸಿರಿಗೆ ಓಡುತ್ತಿದ್ದ ದೀರ್ಘ ತಾನಗಳು ಅರ್ಧಕ್ಕೇ ಮುರಿಯುತ್ತಿದ್ದವು. ಡಾಕ್ಟರರು ಶ್ವಾಸಕೋಶ ನೋಡಿ, ಹುಡುಗರದ್ದರಂತಿದೆ ಎಂದಿದ್ದರು. ಆದರೂ ಅಡಿವೆಯ್ಯನವರು ತಮಗೆ ವಯಸ್ಸಾಯಿತೆಂದು ತೀರ್ಮಾನಿಸಿ, ಇವತ್ತಿನ ಸಂಜೆಯ ಕಛೇರಿಯೇ ಕೊನೆಯದು ಎಂದು ಸಾರಿಬಿಟ್ಟಿದ್ದರು. ಆ ಸುದ್ದಿ ಕೇಳಿ ಮೆಹರ್ ಮನೆಗೆ ಓಡಿ ಬಂದಾಗ ಗೌರಕ್ಕ ಕಣ್ಣೊರೆಸಿಕೊಳ್ಳುತ್ತ, “ಉಸಿರು ಎಲ್ಲಿ ಹೋಗತದೋ ಏನೋ. ಉಡದಾರದ ಮ್ಯಾಲೆ ಇನ್ನೊಂದು ಉಡದಾರ ಕಟ್ಟಿದಂಗ ಸೊಂಟದಾಗ ಕೆಂಪು ಗೆರಿ ಬಿದ್ದದ,” ಎಂದಿದ್ದಳು. ಮೆಹರ್ ಪಂಡಿತರನ್ನು ಕೈಹಿಡಿದು ಪ್ರಯೋಗಾಲಯಕ್ಕೆ ಎಳೆದುಕೊಂಡು ಬಂದದ್ದು ಆ ಗೆರೆಯ ಸಲುವಾಗಿ.

ಸಂಜೆ ಸಭಾಂಗಣ ತುಂಬಿತ್ತು. ಚಂದ್ರನ ಗಣಿಗಳಲ್ಲಿ ದುಡಿಯುತ್ತಿದ್ದ ಧಾರವಾಡದ ಮಂದಿಯೂ ದೊಡ್ಡ ಪರದೆಯಲ್ಲಿ ಗುಂಪಾಗಿ ಕೂತಿದ್ದರು. ಅವರ “ವಾಹ್” ಮಾತ್ರ ಯಾವಾಗಲೂ ತುಸು ತಡವಾಗಿ ಬರುತ್ತಿತ್ತು. ಎಲ್ಲರೂ ಕಾದಿದ್ದದ್ದು ಒಂದೇ ಸಂಗತಿಗೆ: ಸಾಲಿಮಠ ತಡೆ. ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರುವ ಮುನ್ನ ಪಂಡಿತರು ಎಡ ಮೊಣಕಾಲನ್ನು ಕೊಂಚ ಎತ್ತಿ, ಒಂದು ಚಣ ಮೌನವಾಗಿ, ಆಮೇಲೆ ಧುಮುಕುತ್ತಿದ್ದರು. ಆ ಮೌನದ ಮೇಲೆ ಪ್ರಬಂಧಗಳು ಬಂದಿದ್ದವು. ಹಿರಿಯ ಶಿಷ್ಯ ಪ್ರಾಣೇಶ ಅದನ್ನೇ ಕಲಿಸಲು ಒಂದು ಶಾಲೆ ತೆರೆದಿದ್ದ. ಅಲ್ಲಿ ಸಾಲುಸಾಲಾಗಿ ಕೂತ ಮಕ್ಕಳು ಒಟ್ಟಿಗೇ ಎಡ ಮೊಣಕಾಲು ಎತ್ತುತ್ತಿದ್ದರು.

ಅಡಿವೆಯ್ಯನವರು ಯಮನ್ ಶುರು ಮಾಡಿದರು. ಉಸಿರು ಎಳೆದರು, ಅದು ಎದೆಯಲ್ಲಿ ನಿಲ್ಲದೆ ಇಳಿಯಿತು, ನಾಭಿಯನ್ನು ದಾಟಿ ಇನ್ನೂ ಕೆಳಗಿಳಿಯಿತು. ಎಲ್ಲೂ ಯಾರೂ ಹಿಡಿಯಲಿಲ್ಲ. ತಾವು ಬಟ್ಟೆ ಉಟ್ಟಿದ್ದೇವೋ ಇಲ್ಲವೋ ಎಂದು ಗಾಬರಿಯಾಗಿ ಒಮ್ಮೆ ಧೋತರ ಮುಟ್ಟಿ ನೋಡಿಕೊಂಡರು. ಸಮ ಹತ್ತಿರ ಬಂತು. ಸಭೆಯ ಕೈಗಳೆಲ್ಲ ಮೆಚ್ಚುಗೆಗೆ ಮೇಲೆದ್ದವು. ಪಂಡಿತರ ಮೊಣಕಾಲು ಅಲುಗಲಿಲ್ಲ. ಸ್ವರ ನಿಲ್ಲದೆ, ಕಟ್ಟೆಯಿಲ್ಲದ ಹಳ್ಳದಂತೆ ಸಮದ ಮೇಲಿಂದ ಹರಿದು ಮುಂದಿನ ಆವರ್ತನಕ್ಕೆ ಹೋಯಿತು. ಎತ್ತಿದ ಕೈಗಳು ಗಾಳಿಯಲ್ಲೇ ಉಳಿದವು.

ತಬಲಾದವನು ನಕ್ಕ. ಪಂಡಿತರೂ ನಕ್ಕರು. ಹೈಸ್ಕೂಲಿನ ದಿನಗಳಲ್ಲಿ ಸಡಿಲ ಪಾಯಿಜಾಮ ತೊಟ್ಟು ಕೆಲಗೇರಿ ಕೆರೆಯ ದಂಡೆಯಲ್ಲಿ ಹಾಡಿದ್ದ ತಾನಗಳು, ಸತ್ತೇಹೋದವೆಂದು ಅವರು ತಿಳಿದಿದ್ದಂಥವು, ಒಂದರ ಬೆನ್ನಿಗೊಂದು ಎದ್ದು ಬಂದವು. ಕರೆದಷ್ಟು ದೂರ ಉಸಿರು ಬಂತು. ಮುಂದಿನ ಸಾಲಿನಲ್ಲಿ ಗೌರಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನಿಧಾನವಾಗಿ ಕೈಗಳು ಮತ್ತೆ ಎದ್ದವು. ಚಂದ್ರನ “ವಾಹ್” ಹಿಂದಿನ ತಾನಕ್ಕೆ ಬಂದು ಮುಂದಿನದಕ್ಕೂ ಸಲ್ಲುತ್ತಿತ್ತು.

ಮಧ್ಯಂತರದಲ್ಲಿ ಪ್ರಾಣೇಶ ವೇದಿಕೆಯ ಹಿಂದಿನ ಕೋಣೆಗೆ ನುಗ್ಗಿದ. ಮುಖ ಬಿಳಿಚಿತ್ತು.

“ಗುರುಗಳ, ತಡಿ ಎಲ್ಲಿ ಹೋತು?”

“ಯಾವ ತಡಿ?”

“ನಿಮ್ಮ ತಡಿ! ಮೊಣಕಾಲು! ಆ ಮೌನ!”

ಅಡಿವೆಯ್ಯನವರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಅವರಿಗೇ ಆಗ ಅದು ಹೊಳೆಯಿತು. “ಅಯ್ಯ ಪ್ರಾಣೇಶ,” ಎಂದರು ಮೆಲ್ಲಗೆ, “ಅದು ಚಡ್ಡಿ ಕಚ್ಚತಿತ್ತಪಾ. ಎಡತೊಡಿ ಸಂದ್ಯಾಗ. ಸಡಿಲ ಮಾಡಿಕೊಳ್ಳಾಕ ಕಾಲು ಎತ್ತತಿದ್ದೆ.”

ಪ್ರಾಣೇಶ ಕುರ್ಚಿಯ ಮೇಲೆ ಕುಸಿದ. “ಅದಕ್ಕ ನನ್ನ ತಡಿ ನಿಮ್ಮಂಗ ಎಂದೂ ಬರಲಿಲ್ಲ. ನನ್ನ ಚಡ್ಡಿ ಸರಿಯಾಗಿ ಕೂಡತಿತ್ತು!”

ಮೆಹರ್ ನಗುವುದನ್ನು ಕಂಡು ಗೌರಕ್ಕನೂ ನಕ್ಕಳು. ಆದರೆ ಪ್ರಾಣೇಶನ ಕಣ್ಣಲ್ಲಿ ನೀರಿತ್ತು. “ಶಾಲಿ ಹುಡುಗರೆಲ್ಲಾ ಸಭಾದಾಗ ಕೂತಾರ, ಗುರುಗಳ. ಏನಂತ ಹೇಳಲಿ? ಮೆಹರ್, ಆ ನಿನ್ನ ಅರಿವೆಳಿಗೆ ಹೇಳಿ ಎಡತೊಡ್ಯಾಗ ಒಂದೀಟು ಕಚ್ಚಿಸಾಕ ಬರತದೇನು? ಸಮಕ್ಕ ಬರೂ ಮುಂದ ಅಷ್ಟ?”

“ಬರತದ,” ಎಂದಳು ಮೆಹರ್. ವಿಜ್ಞಾನಿಯ ಆಸೆಯಿಂದ ಅವಳ ಕಣ್ಣು ಮಿಂಚಿತು. “ತಬಲಾದ ಲಯ ಕೇಳಿಸಿಕೊಂಡು...”

“ಅಷ್ಟ್ಯಾಕ ತ್ರಾಸ?” ಎಂದು ಗೌರಕ್ಕ ಕೈಚೀಲಕ್ಕೆ ಕೈ ಹಾಕಿದಳು. “ಹೊಸಾದು ಕೈಕೊಟ್ಟರ ಇರಲಿ ಅಂತ ಹಳೇದೂ ತಂದೀನಿ.”

ಪ್ರಾಣೇಶ ಅದನ್ನು ಎರಡೂ ಕೈಗಳಲ್ಲಿ ಇಸಿದುಕೊಂಡ. ಒಗೆದು ಒಗೆದು ಬಣ್ಣಗೆಟ್ಟ ಆ ಬಿಗಿಯ ಚಡ್ಡಿಯನ್ನು, ಸಂಪ್ರದಾಯವೊಂದರ ಮೂಲಪ್ರತಿಯನ್ನು ಒಪ್ಪಿಸುವವನಂತೆ, ಗುರುಗಳ ಮುಂದೆ ಹಿಡಿದ.

“ಮುಂದಿನ ರಾಗಕ್ಕಷ್ಟ ಹಾಕ್ಕೋರಿ. ಹೆಂಗಿದ್ರೂ ಕೊನೀ ಕಛೇರಿ.”

ಹೊರಗೆ ತಂಬೂರಿ ಮತ್ತೆ ಮಿಡಿಯತೊಡಗಿತ್ತು. ಅಡಿವೆಯ್ಯನವರು ಎದ್ದು ನಿಂತು ಹೊಟ್ಟೆ ತುಂಬ ಉಸಿರೆಳೆದರು. ಅದು ಆರಾಮವಾಗಿ ಹೋಗಿ ಆರಾಮವಾಗಿ ಬಂತು.

“ಕೊನೀದು ಅಂತ ಯಾರಂದ್ರು? ಮೆಹರ್, ಇಂಥಾವು ಇನ್ನೊಂದು ಡಜನ್ ನೇಯವಾ.”

“ಗುರುಗಳ, ಇದನ್ನ...”

“ಒಲ್ಲೆ.”