ಹೊತ್ತಿಗೆ ಮುಂಚೆ ಬಂದ ದೂರು

ಗೋಪಾಲಪ್ಪನ ಹೆಣ ಪಂಚಾಯಿತಿಯ ಸಂಪಿನಲ್ಲಿ ಸಿಕ್ಕ ಐದನೆಯ ದಿನ ಅವನ ಮಗಳು ಅಕ್ಷತ ಸಮೇತನಹಳ್ಳಿಗೆ ಬಂದಳು. ಚಿಕ್ಕಬೀರಪ್ಪ ಮುನಿರತ್ನಮ್ಮನ ಮನೆಯ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಪೋಸ್ಟ್‌ಮಾಸ್ಟರ್ ಆಗಿದ್ದ ಆಕೆಯ ಕೈಕೆಳಗೆ ಮೂವತ್ತು ವರ್ಷ ಅಂಚೆ ಹಂಚಿದವನು ಅವನು. ಇಬ್ಬರೂ ನಿವೃತ್ತರಾದ ಮೇಲೂ ಹಳೆಯ ಮೊಪೆಡ್ಡಿನಲ್ಲಿ ಆಕೆಯನ್ನು ಕೂರಿಸಿಕೊಂಡು ತಿರುಗುವುದು ತಪ್ಪಿರಲಿಲ್ಲ. ಊರವರು ಆಕೆಯನ್ನು ಪೋಸ್ಟಮ್ಮ ಎನ್ನುತ್ತಿದ್ದರು. ಕಳವು, ಕಳ್ಳಸಹಿ ಏನಿದ್ದರೂ ಪೊಲೀಸರಿಗಿಂತ ಮೊದಲು ಆಕೆಯ ಬಾಗಿಲು ಬಡಿಯುತ್ತಿದ್ದರು.

"ಪೋಸ್ಟಮ್ಮ, ನಮ್ಮಪ್ಪ ಲಂಚ ತಿಂದು, ಸಿಕ್ಕಿಬೀಳ್ತೀನಿ ಅಂತ ಸಂಪಿಗೆ ಹಾರ್ಕೊಂಡ್ರು ಅಂತಾವ್ರೆ," ಎಂದಳು ಅಕ್ಷತ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅತ್ತು ಮುಗಿದಿತ್ತು. "ತಿಥಿಗೆ ಅಡುಗೆಯವರೂ ಬರಲ್ಲ ಅಂದ್ಬಿಟ್ರು. ಸತ್ತೋರು ವಾಪಸ್ ಬರಲ್ಲ, ಗೊತ್ತು. ಅವರ ಹೆಸರಾದ್ರೂ ವಾಪಸ್ ಕೊಡ್ಸಿ."

"ಕೂತ್ಕೊಳಮ್ಮ. ಮೊದಲಿಂದ ಹೇಳು," ಎಂದರು ಮುನಿರತ್ನಮ್ಮ.

ನಡೆದದ್ದು ಇಷ್ಟು. ಚೌಡೇನಪುರ ಪಂಚಾಯಿತಿಯಲ್ಲಿ ಬೇಸಿಗೆಗೆ ಟ್ಯಾಂಕರ್ ನೀರು ಪೂರೈಸುವ ಟೆಂಡರ್. ಮುಚ್ಚಿದ ಲಕೋಟೆಗಳನ್ನು ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಪೆಟ್ಟಿಗೆಗೆ ಹಾಕಬೇಕಿತ್ತು. ಬಂದದ್ದು ಎರಡು. ಗಂಟೆ ಮೂರಾಗುತ್ತಲೇ ಗುಮಾಸ್ತ ಗೋಪಾಲಪ್ಪ ಪೆಟ್ಟಿಗೆಯ ಬಾಯಿಗೆ ಕಾಗದದ ಪಟ್ಟಿ ಅಂಟಿಸಿ, ಅಲ್ಲಿದ್ದವರಿಂದ ಅದರ ಮೇಲೆ ಸಹಿ ಹಾಕಿಸಿದ. ಮೂರೂ ಹತ್ತಕ್ಕೆ ಪಿಲ್ಲಗುಂಪೆಯ ದೇವೇಂದ್ರ ಏದುಸಿರು ಬಿಡುತ್ತ ಬಂದ. ಗೋಪಾಲಪ್ಪ ಒಪ್ಪಲಿಲ್ಲ. ದೇವೇಂದ್ರ ಬಾಯಿಗೆ ಬಂದಂತೆ ಬೈದು, ಲಕೋಟೆಯನ್ನು ಮೇಜಿನ ಮೇಲೆ ಎಸೆದು ಹೋದ. ಶನಿವಾರ ಬೆಳಗ್ಗೆ ಗೋಪಾಲಪ್ಪ ಹೆಣವಾಗಿ ಸಿಕ್ಕ. ಸೋಮವಾರ ಹನ್ನೊಂದಕ್ಕೆ ಎಲ್ಲರೆದುರು ಪೆಟ್ಟಿಗೆಯ ಮುಚ್ಚಳ ತೆರೆದರೆ ಒಳಗೆ ಮೂರು ಲಕೋಟೆ! ಮೂರನೆಯದು ದೇವೇಂದ್ರನದು.

"ಬಾಯಿಗೆ ಅಂಟಿಸಿದ್ದ ಪಟ್ಟಿ ಹರಿದಿತ್ತಾ?"

"ಇಲ್ಲ. ಅದಕ್ಕೇ ಅಪ್ಪನ ಮೇಲೆ ಬಂದಿದ್ದು. ಪಟ್ಟಿ ಅಂಟಿಸಿದ್ದು ಅವರೇ, ಬೇರೆಯವರ ಕೈಲಿ ಆಗೋ ಕೆಲಸ ಅಲ್ಲ ಅಂತಾರೆ. ಅಂಟು ಕುದಿಸಿಕೊಟ್ಟಿದ್ದೇ ನಾನು. ಮೈದಾಗೆ ಚಿಟಿಕೆ ಮೈಲುತುತ್ತ ಹಾಕಿ, ನೀಲಿ ಬಣ್ಣ ಬರೋ ಹಾಗೆ. ಹುಳ ತಿನ್ನಬಾರ್ದು ಅಂತ ಅಪ್ಪ ಹಾಗೇ ಮಾಡಿಸ್ತಿದ್ರು. ಕಚೇರಿ ಬಾಟ್ಲಿ ಗೋಂದು ಮುಟ್ತಾನೇ ಇರ್ಲಿಲ್ಲ."

ಮುನಿರತ್ನಮ್ಮ ಕನ್ನಡಕ ಒರೆಸಿಕೊಂಡರು. ಅದನ್ನು ಕಂಡರೆ ಚಿಕ್ಕಬೀರಪ್ಪ ಮೊಪೆಡ್ಡಿನ ಕೀಲಿ ಹುಡುಕುತ್ತಿದ್ದ. ಅಂದೂ ಹುಡುಕಿದ.

ಪಂಚಾಯಿತಿಯಲ್ಲಿ ಪಿಡಿಒ ಹರಿಪ್ರಸಾದ್ ಮುಖ ಬಾಡಿಸಿಕೊಂಡು ಕೂತಿದ್ದ. ಪೆಟ್ಟಿಗೆ ತೋರಿಸಲು ಅವನೇನೂ ತಕರಾರು ಮಾಡಲಿಲ್ಲ. ಮುನಿರತ್ನಮ್ಮ ಪಟ್ಟಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿದರು. ಮರದ ಮೇಲೆ ನೀಲಿ ಕಲೆ ಒಣಗಿತ್ತು. ಅದರ ಮೇಲೆ ಗಾಜಿನಂತೆ ಹೊಳೆಯುವ ಇನ್ನೊಂದು ಪದರ.

"ಟೆಂಡರ್ ಈಗ ಏನಾಯ್ತು ಸಾರ್?"

"ಎಲ್ಲ ನಿಂತೋಯ್ತು ಮೇಡಂ. ಸೋಮವಾರ ಮಧ್ಯಾಹ್ನವೇ ಕೆಲಸದ ಆದೇಶ ಕೊಡೋಣ ಅಂತಿದ್ದೆ, ಊರಲ್ಲಿ ನೀರಿಲ್ಲ ನೋಡಿ. ಹನ್ನೆರಡಕ್ಕೆ ಜಿಲ್ಲಾ ಕಚೇರಿಯಿಂದ ಫೋನು. ತಡವಾಗಿ ಬಂದ ಲಕೋಟೆ ಸೇರಿಸಿದ್ದಾರೆ ಅಂತ ಕಂಟ್ರಾಕ್ಟರ್ ಅನಿಲ್‌ಕುಮಾರ್ ಕಳಿಸಿದ ದೂರು ಟಪಾಲಲ್ಲಿ ತಲುಪಿದೆ, ಮುಂದುವರಿಬೇಡಿ ಅಂದ್ರು. ವ್ಯಾಜ್ಯ ಮುಗಿಯೋವರೆಗೂ ಹಳೇ ಟ್ಯಾಂಕರೇ ಓಡ್ಬೇಕು."

"ಹಳೇ ಟ್ಯಾಂಕರ್ ಯಾರದು?"

"ಅನಿಲ್‌ಕುಮಾರ್ ಅವರ್ದೇ. ಮೂರು ವರ್ಷದಿಂದ ಅವರೇ."

ನೀರುಗಂಟಿ ಅಶೋಕ್ ಸಂಪಿನ ಹತ್ತಿರ ಹೋಗಲೂ ಹೆದರುತ್ತಿದ್ದ. "ಶನಿವಾರ ಬೆಳಗ್ಗೆ ನಾನು ನೋಡ್ದೇನೇ ವಾಲ್ವ್ ತಿರುಗಿಸ್ಬಿಟ್ಟೆ ಅಮ್ಮಾ. ಅರ್ಧ ಗಂಟೆ ನಲ್ಲಿಗೆ ನೀರು ಹೋಯ್ತು. ಆಮೇಲೆ ಮಟ್ಟ ನೋಡೋಣ ಅಂತ ಬಗ್ಗಿದ್ರೆ..." ಅವನು ಮುಖ ತಿರುಗಿಸಿದ. ಆ ನೀರನ್ನು ಊರೆಲ್ಲ ಕುಡಿದಿತ್ತು.

"ಶುಕ್ರವಾರ ಸಂಪು ತುಂಬಿಸಿದ್ದು ಯಾರಪ್ಪ?"

"ಅನಿಲಣ್ಣನೇ. ಡ್ರೈವರ್ ರಜ ಅಂತ ಸಾಯಂಕಾಲ ತಾವೇ ಟ್ಯಾಂಕರ್ ತಂದಿದ್ರು. ನೀನು ಮನೆಗೋಗು, ನಾನು ತುಂಬಿಸ್ತೀನಿ ಅಂದ್ರು. ನಾನು ಹೊರಟಾಗ ಗೋಪಾಲಪ್ಪನೋರು ಒಳಗೆ ಬರೀತಿದ್ರು."

ಹೊರಗೆ ಬಂದಮೇಲೆ ಮುನಿರತ್ನಮ್ಮ ಸಬ್ ಇನ್‌ಸ್ಪೆಕ್ಟರ್ ಯಶಸ್ವಿನಿಗೆ ಫೋನ್ ಮಾಡಿದರು. "ಅನಿಲ್‌ಕುಮಾರ್ ದೂರು ಜಿಲ್ಲಾ ಕಚೇರಿಯಲ್ಲಿದೆ. ಕಾಗದ ಒಂದೇ ಸಾಲದಮ್ಮ, ಅದು ಬಂದ ಕವರನ್ನೂ ತರಿಸು."

"ಕವರು ಯಾಕೆ ಅಮ್ಮೋರೆ?" ಎಂದು ಚಿಕ್ಕಬೀರಪ್ಪ ಕೇಳಿದ.

"ಮೂವತ್ತು ವರ್ಷ ಏನು ಹಂಚಿದ್ಯೋ ಬೀರಪ್ಪ?" ಎಂದರು ಆಕೆ. ಚಿಕ್ಕಬೀರಪ್ಪನಿಗೆ ಮೈ ಉರಿದುಹೋಯಿತು. ಸಮೇತನಹಳ್ಳಿ ಮುಟ್ಟುವತನಕ ಒಂದು ಗುಂಡಿಯನ್ನೂ ತಪ್ಪಿಸದೆ ಮೊಪೆಡ್ ಓಡಿಸಿದ.

ಮಾರನೆಯ ದಿನ ಎಲ್ಲರೂ ಪಂಚಾಯಿತಿ ಸಭಾಂಗಣದಲ್ಲಿ ಸೇರಿದರು. ಬಾಗಿಲ ಬಳಿ ಯಶಸ್ವಿನಿ ನಿಂತಿದ್ದಳು. ಅನಿಲ್‌ಕುಮಾರ್ ಬಿಳಿ ಅಂಗಿ ತೊಟ್ಟು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ದೇವೇಂದ್ರ ಮೂಲೆಯಲ್ಲಿ ತಲೆ ತಗ್ಗಿಸಿದ್ದ. ಅಕ್ಷತ ಅಪ್ಪನ ಮೇಜಿನ ಪಕ್ಕ ನಿಂತಿದ್ದಳು, ಅಲ್ಲಿದ್ದ ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ.

"ಈ ಪಟ್ಟಿ ಮೊದಲು ನೀಲಿ ಅಂಟಲ್ಲಿ ಕೂತಿತ್ತು," ಎಂದು ಮುನಿರತ್ನಮ್ಮ ಪೆಟ್ಟಿಗೆ ತೋರಿಸಿದರು. "ಮೈದಾ ಅಂಟು ಒದ್ದೆ ಬಟ್ಟೆ ಇಟ್ರೆ ಬಿಟ್ಕೊಳ್ಳುತ್ತೆ. ಬಾಲ್‌ಪೆನ್ ಸಹಿ ಅಳಿಸಲ್ಲ. ಯಾರೋ ಹಾಗೆ ಬಿಡಿಸಿ, ದೇವೇಂದ್ರ ಎಸೆದು ಹೋಗಿದ್ದ ಲಕೋಟೆ ಒಳಗೆ ಹಾಕಿ, ಬಾಟ್ಲಿ ಗೋಂದಿನಲ್ಲಿ ಮತ್ತೆ ಅಂಟಿಸಿದ್ದಾರೆ. ಗೋಪಾಲಪ್ಪನ ಅಂಟಿನ ಬಟ್ಟಲು ಇದೇ ಮೇಜಿನ ಖಾನೆಯಲ್ಲಿತ್ತು. ಅವರೇ ಮಾಡಿದ್ರೆ ಅದನ್ನ ಬಿಟ್ಟು ಗೋಂದು ಯಾಕೆ ಹುಡುಕ್ತಿದ್ರು?"

"ಹಂಗಾದ್ರೆ ದೇವೇಂದ್ರನೇ ಹಾಕವ್ನೆ," ಎಂದ ಅನಿಲ್‌ಕುಮಾರ್. "ಲಾಭ ಯಾರಿಗೆ ಹೇಳಿ?"

"ಅವರಿಗೆ ಲಾಭವೇನು ಬಂತಪ್ಪ? ಮೂರೂ ಹತ್ತಕ್ಕೆ ಬಂದಿದ್ದನ್ನ ಎಲ್ಲರೂ ನೋಡಿದ್ರು. ಆ ಲಕೋಟೆ ಪೆಟ್ಟಿಗೇಲಿ ಸಿಕ್ರೆ ಟೆಂಡರ್ ಕೆಡುತ್ತೆ ಅಷ್ಟೆ. ಕೆಟ್ರೆ ಬೇಸಿಗೆ ಪೂರ್ತಿ ಯಾರ ಟ್ಯಾಂಕರ್ ಓಡುತ್ತೆ?" ಆಕೆ ಮೇಜಿನ ಮೇಲೆ ಒಂದು ಕವರ್ ಇಟ್ಟರು. "ನಿಮ್ಮ ದೂರಿನ ಕಾಗದದಲ್ಲಿ ಸೋಮವಾರದ ತಾರೀಖಿದೆ. ಪೆಟ್ಟಿಗೆಯಲ್ಲಿ ಮೂರು ಲಕೋಟೆ ಸಿಕ್ಕಿವೆ ಅಂತ ಬರೆದಿದ್ದೀರಿ. ಬೀರಪ್ಪ, ಈ ಸ್ಪೀಡ್ ಪೋಸ್ಟ್ ಚೀಟಿ ಓದು."

ಚಿಕ್ಕಬೀರಪ್ಪ ಗಟ್ಟಿಯಾಗಿ ಓದಿದ. "ಹೊಸಕೋಟೆ. ಶನಿವಾರ. ಬೆಳಗ್ಗೆ ಹತ್ತೂ ನಲವತ್ತು." ಸೋಮವಾರ ಹನ್ನೊಂದಕ್ಕೆ ಕಂಡದ್ದರ ಬಗ್ಗೆ ಟಪಾಲಿಗೆ ಹಾಕಿದ ಕಾಗದ ಹನ್ನೆರಡಕ್ಕೇ ತಲುಪುವುದೆಂದರೇನು? ಹರಿಪ್ರಸಾದ್ ಬಾಯಿಬಿಟ್ಟು ಹೇಳಿದ್ದ, ಇವನು ಕಿವಿಯಾರೆ ಕೇಳಿದ್ದ, ಆದರೂ ಹೊಳೆದಿರಲಿಲ್ಲ. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಕಂಟ್ರಾಕ್ಟರುಗಳ ಅಭ್ಯಾಸ ನನಗೆ ಗೊತ್ತು," ಎಂದರು ಮುನಿರತ್ನಮ್ಮ. "ಕೈಯಲ್ಲಿ ಕೊಟ್ಟ ತಕರಾರನ್ನ ಕಚೇರಿಯವರು ಕಳೆದುಹೋಯ್ತು ಅಂತಾರೆ. ಅದಕ್ಕೆ ಎಲ್ಲ ಟಪಾಲಲ್ಲೇ, ರಸೀದಿ ಸಮೇತ. ಸೋಮವಾರ ಕೆಲಸದ ಆದೇಶ ಬೇರೆಯವರ ಕೈ ಸೇರೋ ಮುಂಚೆ ದೂರು ತಲುಪಬೇಕಿತ್ತು, ಅದಕ್ಕೆ ಶನಿವಾರವೇ ಕಳಿಸಿದ್ರಿ. ಆವತ್ತು ಪೆಟ್ಟಿಗೆಯೊಳಗೆ ಮೂರು ಲಕೋಟೆ ಇರೋದು ಈ ಭೂಮಿ ಮೇಲೆ ಒಬ್ಬನಿಗೇ ಗೊತ್ತಿತ್ತು. ಹಾಕಿದವನಿಗೆ."

ಅನಿಲ್‌ಕುಮಾರ್ ಕಾಲು ಕೆಳಗಿಳಿಸಿದ. ಬಾಗಿಲ ಕಡೆ ನೋಡಿದ. ಯಶಸ್ವಿನಿ ಅಲುಗಾಡಲಿಲ್ಲ.

"ಎಷ್ಟು ಬೇಡ್ಕೊಂಡೆ ಗೊತ್ತಾ?" ಎಂದ ಕೊನೆಗೆ. "ದೇವೇಂದ್ರನ ಕವರು ಒಳಗೆ ಹಾಕಣ್ಣ ಅಂತ. ಮೂರು ಗಂಟೆ ಅಂದ್ರೆ ಮೂರು ಗಂಟೆ ಕಣಪ್ಪ ಅಂತ ಒಂದೇ ಮಾತು. ನೀರು ಬಿಡೋವಾಗ ಸಂಪಿನ ತನಕ ಬಂದು, ನಾಳೆ ಪಿಡಿಒಗೆ ಹೇಳ್ತೀನಿ ಅಂದ. ತಳ್ದೆ. ತಲೆ ಅಂಚಿಗೆ ಬಡೀತು. ಸಾಯಿಸ್ಬೇಕು ಅಂತಿರ್ಲಿಲ್ಲ."

"ಎತ್ತಬೇಕು ಅಂತಲೂ ಇರ್ಲಿಲ್ಲ," ಎಂದರು ಮುನಿರತ್ನಮ್ಮ. "ಮೇಲೆ ನೀರು ಬಿಟ್ಟು, ಒಳಗೆ ಬಂದು ಪಟ್ಟಿ ಬಿಡಿಸ್ತಾ ಕೂತ್ರಿ."

ಜೀಪು ಹೋದಮೇಲೆ ಹರಿಪ್ರಸಾದ್ ಅಕ್ಷತಳಿಗೆ ಕೈಮುಗಿದ. ದೇವೇಂದ್ರ ಕ್ಷಮಿಸಮ್ಮ ಎಂದ. ಅವಳು ಇಬ್ಬರ ಕಡೆಗೂ ನೋಡಲಿಲ್ಲ.

"ಪೋಸ್ಟಮ್ಮ, ಅಪ್ಪ ಆ ಕವರ್ ಹಾಕ್ಬಿಟ್ಟಿದ್ರೆ ಬದುಕಿರ್ತಿದ್ರು ಅಲ್ವಾ?"

ಏನಾದರೂ ಸಮಾಧಾನದ ಮಾತು ಹೇಳಲಿ ಎಂದು ಚಿಕ್ಕಬೀರಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಮುನಿರತ್ನಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. "ಹೂಂ ಕಣಮ್ಮ. ಬದುಕಿರ್ತಿದ್ರು."

ತಿಥಿಗೆ ಊರಿಗೆ ಊರೇ ಬಂತು. ಆದರೂ ಅಡುಗೆಗೆ ಅವಳು ಯಾರನ್ನೂ ಕರೆದಿರಲಿಲ್ಲ, ತಾನೇ ಮಾಡಿದ್ದಳು.

ತಿಂಗಳ ಮೇಲೆ ಹೊಸ ಟೆಂಡರ್ ಕರೆದರು. ಮೂರಕ್ಕೆ ಐದು ನಿಮಿಷವಿರುವಾಗ ಅಕ್ಷತ ಬಟ್ಟಲು ತುಂಬ ನೀಲಿ ಅಂಟು ತಂದು ಮೇಜಿನ ಮೇಲಿಟ್ಟಳು. ಮೂರು ಹೊಡೆಯಿತು, ಪೆಟ್ಟಿಗೆಗೆ ಪಟ್ಟಿ ಅಂಟಿತು, ಸಹಿಗಳಾದವು. ಆಮೇಲೆ ದಾಬಸ್‌ಪೇಟೆಯ ಕಂಟ್ರಾಕ್ಟರೊಬ್ಬ ಲಕೋಟೆ ಹಿಡಿದು ಓಡಿಬಂದ. ಬಟ್ಟಲನ್ನು ನೋಡಿದ, ಅದರ ಪಕ್ಕ ನಿಂತಿದ್ದ ಹುಡುಗಿಯನ್ನು ನೋಡಿದ. ಒಂದು ಮಾತೂ ಆಡದೆ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.