ಶಟರ್‌ಗೆ ನೇತುಹಾಕಿದ ಪುಸ್ತಕಗಳು

ಸುಳ್ಳು ಹೇಳಲು ಬಾಯಿ ತೆರೆಯಲೇಬೇಕೆಂದೇನಿಲ್ಲ. ಡಿಸೆಂಬರ್ ಹದಿನಾಲ್ಕರ ಬೆಳಿಗ್ಗೆ ಬಸವಕಿರಣ್ ಬರೀ ನಕ್ಕ, ಅಷ್ಟೇ. ಆ ನಗು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಆಗ ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಅನ್ನಪೂರ್ಣೇಶ್ವರಿ ನಗರದ ಒಂದು ಕಟ್ಟಡದ ಕೆಳಗೆ ಅವನ ಜೆರಾಕ್ಸ್ ಅಂಗಡಿ. ಎರಡನೇ ಮಹಡಿಯಲ್ಲಿ ಅಪೂರ್ವ ಮತ್ತು ಅವಳ ಅಮ್ಮ ಕೋಕಿಲಾ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಮಗಳು ಬಸವೇಶ್ವರನಗರದ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿನ ಟೀಚರ್. ಹಗಲೆಲ್ಲ ಮನೆಗೆ ಬೀಗ. ಹಾಗಾಗಿ ಕೊರಿಯರ್‌ನವರು ಅವರ ಪಾರ್ಸಲ್‌ಗಳನ್ನು ಕಿರಣನ ಅಂಗಡಿಯಲ್ಲೇ ಇಳಿಸಿ ಹೋಗುತ್ತಿದ್ದರು. ಅಪೂರ್ವಳಿಗೆ ಬರುತ್ತಿದ್ದುದು ಯಾವಾಗಲೂ ಪುಸ್ತಕಗಳೇ. ಇಪ್ಪತ್ನಾಲ್ಕು ತುಂಬಿದ್ದರೂ ಅವಳಿಗೆ ಬೇಕಾದದ್ದು ಹದಿಹರೆಯದವರ ಕಾದಂಬರಿಗಳು: ಮೊದಲ ಪ್ರೀತಿ, ಮಾಯದ ಕಾಡು, ಹದಿನೇಳಕ್ಕೇ ಕಿರೀಟ ಕಳೆದುಕೊಂಡ ರಾಣಿಯರು. ಓದಿದ್ದನ್ನೆಲ್ಲ ಇನ್‌ಸ್ಟಾಗ್ರಾಮಿನಲ್ಲಿ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಕಿರಣ್ ಒಂದು ಕಾದಂಬರಿಯನ್ನೂ ಓದಿದವನಲ್ಲ. ಆದರೆ ಅವಳ ಒಂದು ವೀಡಿಯೋವನ್ನೂ ಬಿಟ್ಟವನಲ್ಲ.

ಡಿಸೆಂಬರ್ ಒಂದರಂದು ಅವಳು ತನಗೆ ಬೇಕಾದ ಹನ್ನೆರಡು ಪುಸ್ತಕಗಳ ಪಟ್ಟಿ ಹಾಕಿದ್ದಳು. "ಯಾರಾದ್ರೂ ನಂಗೆ ಸ್ಯಾಂಟಾ ಆಗ್ತೀರಾ? ಕ್ರಿಸ್‌ಮಸ್ ದಿನ ಬೇರೆ ಸಿಸ್ಟರ್‌ಗಳೆಲ್ಲ ರಜಾ ಹಾಕ್ತಾರೆ, ಅಮ್ಮಂಗೇ ಡ್ಯೂಟಿ. ನಾನು ಪ್ರತಿ ವರ್ಷ ಒಬ್ಳೇ ಕೂತು ಓದ್ತಿರ್ತೀನಿ," ಎಂದು ಮುಖ ಸಪ್ಪಗೆ ಮಾಡಿ ನಕ್ಕಿದ್ದಳು. ಆ ವೀಡಿಯೋವನ್ನು ಕಿರಣ್ ಐದು ಸಲ ನೋಡಿದ. ಬೇರೆ ಯಾರು ಎಷ್ಟು ಸಲ ನೋಡಿದರು ಎಂಬುದು ಅವನ ತಲೆಗೆ ಹೋಗಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಅಂಗಡಿ ತೆಗೆಯಲು ಬಂದರೆ ಶಟರ್‌ನ ಹಿಡಿಗೆ ಒಂದು ಪೊಟ್ಟಣ ನೇತಾಡುತ್ತಿತ್ತು. ಬ್ರೌನ್ ಪೇಪರ್, ಕೆಂಪು ದಾರ, ಮೇಲೆ 'ಅಪೂರ್ವ' ಎಂದಷ್ಟೇ. ಕೊರಿಯರ್ ಸ್ಟಿಕ್ಕರ್ ಇರಲಿಲ್ಲ. ಅವನು ಅದನ್ನು ಹಿಡಿಯಿಂದ ಬಿಚ್ಚಿ ಕೈಗೆ ತೆಗೆದುಕೊಳ್ಳುವುದಕ್ಕೂ ಅವಳು ಮೆಟ್ಟಿಲಿಳಿದು ಬರುವುದಕ್ಕೂ ಸರಿಹೋಯಿತು.

"ಏನ್ರೀ ಅದು? ನಂಗಾ?" ಅಲ್ಲೇ ನಿಂತು ಕಾಗದ ಹರಿದಳು. ಪಟ್ಟಿಯ ಮೊದಲ ಪುಸ್ತಕ. ಒಳಗೊಂದು ಪ್ರಿಂಟ್ ಮಾಡಿದ ಚೀಟಿ. ಅದನ್ನು ಓದಿಕೊಂಡಳು, ಅವನ ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. ಕಣ್ಣಂಚಿನಲ್ಲಿ ಏನೋ ಹೊಳೆಯಿತು.

"ನೀವಾ?"

ಎರಡು ವರ್ಷದಿಂದ ಅವಳು ಅವನ ಕಡೆ ತಿರುಗುತ್ತಿದ್ದುದು 'ಪಾರ್ಸಲ್ ಬಂತಾ' ಎಂದು ಕೇಳಲು ಮಾತ್ರ. ಈಗ ಕಿವಿಯ ಹಿಂದಕ್ಕೆ ಕೂದಲು ಸರಿಸಿ, ಕತ್ತು ವಾರೆ ಮಾಡಿ, ಅವನನ್ನೇ ನೋಡುತ್ತಿದ್ದಳು. 'ನಂಗೊತ್ತಿಲ್ಲ ಮೇಡಂ' ಎನ್ನಬೇಕಿತ್ತು. ಅವನು ನಕ್ಕುಬಿಟ್ಟ.

ಮರುದಿನ ಎರಡನೆಯದು, ಅದರ ಮರುದಿನ ಮೂರನೆಯದು. ದಿನಾ ಬೆಳಿಗ್ಗೆ ಪುಸ್ತಕ ಅಲ್ಲಿ ತೂಗುತ್ತಿತ್ತು, ದಿನಾ ಬೆಳಿಗ್ಗೆ ಅವಳು ಇಳಿದು ಬರುತ್ತಿದ್ದಳು. ಮೂರನೇ ದಿನಕ್ಕೆ 'ನೀವು' ಹೋಗಿ 'ನೀನು' ಆಯಿತು. ಐದನೇ ದಿನ ಸಂಜೆ ಫ್ಲಾಸ್ಕಿನಲ್ಲಿ ಟೀ ತಂದು ಕೌಂಟರಿನ ಮೇಲೆ ಮೊಣಕೈ ಊರಿ ನಿಂತಳು.

"ಯಾವಾಗ್ಲೂ ಮೆಷಿನ್ ನೋಡ್ಕೊಂಡಿರೋನು ಬಾಲ್ಕನಿ ಕಡೆ ಯಾವಾಗ ನೋಡ್ದೆ?"

"ಬಾಲ್ಕನಿನಾ?"

"ಏನೂ ಗೊತ್ತಿಲ್ಲದವನ ಥರ ಆಡ್ಬೇಡ ಕಣೋ." ಅವಳು ದನಿ ಇಳಿಸಿ ಚೀಟಿಯ ಮಾತನ್ನು ಬಾಯಿಪಾಠ ಒಪ್ಪಿಸಿದಳು: "'ಬಾಲ್ಕನಿಯಲ್ಲಿ ಕಾಲು ಮಡಚಿ ಕೂತು ಓದುವಾಗ ಶಾಲು ಹೊದ್ದುಕೋ. ನಿನ್ನ ಪಾದ ತಣ್ಣಗಾಗುವುದು ನನಗೆ ಗೊತ್ತಾಗುತ್ತದೆ.' ಇಷ್ಟು ಚೆನ್ನಾಗಿ ಬರೀತೀಯ ಅಂತ ಗೊತ್ತೇ ಇರ್ಲಿಲ್ಲ."

ಕಿರಣ್ ಟೀ ಲೋಟ ಕೆಳಗಿಟ್ಟ. ಅವನ ಅಂಗಡಿಯಿಂದ ತಲೆ ಎತ್ತಿದರೆ ಕಾಣುವುದು ಬಾಲ್ಕನಿಯ ತಳ ಮಾತ್ರ. ಅವಳ ಕಾಲು ಕಾಣಬೇಕಾದರೆ ಎದುರು ಸಾಲಿನ ಕಟ್ಟಡಗಳ ಮೇಲ್ಮಹಡಿಯಲ್ಲೇ ನಿಲ್ಲಬೇಕು. ಆ ಕಡೆ ಹತ್ತಾರು ಕಿಟಕಿಗಳಿದ್ದವು, ಎಲ್ಲಕ್ಕೂ ಪರದೆ.

ಅಂದೇ ಹೇಳಿಬಿಡಬೇಕಿತ್ತು. ಯಾರೋ ಓದುಗ, ಪಾಪ, ಅಭಿಮಾನಿ ಇರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪ್ರೀತಿ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಅಂತಾರಲ್ಲ, ಕಿರಣನನ್ನು ಮಾತ್ರ ಹೇಡಿಯನ್ನಾಗಿ ಮಾಡಿತು. ಏಳನೇ ದಿನ ಅವನು ಮಾಮೂಲಿಗಿಂತ ಮೊದಲೇ, ಆರು ಗಂಟೆಗೇ ಬಂದ. ಪುಸ್ತಕ ಆಗಲೇ ಅಲ್ಲಿತ್ತು. ಮರುದಿನ ಐದೂವರೆಗೆ ಬಂದ. ಆಗಲೂ ಇತ್ತು. ಅವನಿಗಿಂತ ಮೊದಲು ಬಂದು ಹೋಗುವವನಿಗೆ ಅವನು ಬರುವ ಹೊತ್ತೂ ಗೊತ್ತಿದ್ದಂತಿತ್ತು.

ಇಪ್ಪತ್ತಮೂರರಂದು ಅಪೂರ್ವ ಒಂದು ಚೀಟಿಯನ್ನು ತಂದು ಕೌಂಟರಿನ ಮೇಲಿಟ್ಟಳು. "ಇದನ್ನ ಲ್ಯಾಮಿನೇಟ್ ಮಾಡ್ಕೊಡು. ಬುಕ್‌ಮಾರ್ಕ್ ಮಾಡ್ಕೋತೀನಿ."

'ಹಸಿರು ಸ್ವೆಟರ್ ಹಾಕಿದ ದಿನ ನೀನು ಬೇರೆಯೇ ಕಾಣುತ್ತೀಯ. ಆ ದಿನಗಳಲ್ಲಿ ಬಸ್ ಸ್ಟಾಪಿನಲ್ಲಿ ಯಾರ ಜೊತೆಯೂ ಮಾತಾಡಬೇಡ.'

ಓದುತ್ತಿದ್ದ ಕಿರಣನ ಕಣ್ಣು ಅಕ್ಷರ ಬಿಟ್ಟು ಚೀಟಿಯ ಎಡ ಅಂಚಿಗೆ ಹೋಯಿತು. ಅಲ್ಲೊಂದು ಸಣ್ಣ ಬೂದು ಗೆರೆ, ಮೇಲಿಂದ ಕೆಳಗೆ. ದೀಪಾವಳಿಯ ಹೊತ್ತಿಗೆ ಅವನ ಪ್ರಿಂಟರಿನ ಡ್ರಮ್ಮಿಗೆ ಗೀರು ಬಿದ್ದಿತ್ತು. ಅಂದಿನಿಂದ ಅದರಿಂದ ಹೊರಬಂದ ಪ್ರತಿ ಹಾಳೆಯ ಮೇಲೂ ಇದೇ ಜಾಗದಲ್ಲಿ ಇದೇ ಗೆರೆ.

ಅವಳು ಹೋದ ಮೇಲೆ ಅಂಗಡಿಯ ವಾಟ್ಸಾಪ್ ತೆರೆದ. ಪ್ರಿಂಟ್ ಬೇಕಾದವರೆಲ್ಲ ಫೈಲ್ ಕಳಿಸುವುದು ಅದಕ್ಕೇ. ಒಂದೊಂದೇ ತೆಗೆದು ನೋಡುತ್ತಾ ಹಿಂದಕ್ಕೆ ಹೋದ. ಡಿಸೆಂಬರ್ ಹನ್ನೆರಡು, ಹೆಸರಿಲ್ಲದ ನಂಬರ್, ಎರಡು ಪುಟದ ಫೈಲ್. ಕಾಲೇಜು ಹುಡುಗರ ಪ್ರಾಜೆಕ್ಟುಗಳ ಮಧ್ಯೆ ಅವನೇ ಓದದೆ ಪ್ರಿಂಟ್ ತೆಗೆದು, ಕೌಂಟರಿನಾಚೆ ನಿಂತಿದ್ದ ಯಾರದೋ ಕೈಗೆ ಕೊಟ್ಟಿದ್ದ. ಆ ಮುಖ ಎಷ್ಟು ನೆನೆಸಿಕೊಂಡರೂ ಬರಲಿಲ್ಲ.

ಫೈಲಿನಲ್ಲಿ ಹನ್ನೆರಡು ಚೀಟಿಗಳೂ ಇದ್ದವು. ಅವಳಿಗೆ ಇನ್ನೂ ತಲುಪದ ಎರಡು ಕೂಡ.

ಹನ್ನೊಂದು: 'ನಾಳೆ ನಿನ್ನ ಅಮ್ಮ ಹೊರಟ ಮೇಲೆ ನಾನೇ ಮೇಲೆ ಬರುತ್ತೇನೆ.'

ಹನ್ನೆರಡು: 'ಕೊನೆಗೂ ನೀನೇ ಬಾಗಿಲು ತೆಗೆದೆ.'

ಕಿರಣ್ ಅದನ್ನು ಎಷ್ಟು ಸಲ ಓದಿದನೋ. ಆ ನಂಬರಿಗೆ ಫೋನ್ ಮಾಡಿದ, ಸ್ವಿಚ್ ಆಫ್. ಅವಳು ಬಾಗಿಲು ತೆಗೆಯುತ್ತಾಳೆ, ಅದರಲ್ಲಿ ಅನುಮಾನವೇ ಇರಲಿಲ್ಲ. ಬರುವವನು ಕಿರಣ್ ಎಂದುಕೊಂಡು ತೆಗೆಯುತ್ತಾಳೆ. ಅವಳ ಮನೆಯ ಚಿಲಕವನ್ನು ಅರ್ಧ ಸರಿಸಿಟ್ಟಿದ್ದು ತಾನೇ ಎಂದು ಅವನಿಗೆ ಅರ್ಥವಾಯಿತು. ಅಷ್ಟಾದರೂ ಆ ಸಂಜೆ ಅವನ ಕಾಲು ಮೆಟ್ಟಿಲು ಹತ್ತಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ, ಇನ್ನೊಂದೇ ಒಂದು ದಿನ ಇರಲಿ ಎಂದಿತು ಮನಸ್ಸು. ಆ ಮನಸ್ಸಿನ ಬಗ್ಗೆ ಅವನಿಗೆ ಇವತ್ತಿಗೂ ನಾಚಿಕೆಯಿದೆ.

ಇಪ್ಪತ್ತನಾಲ್ಕರ ಮಧ್ಯಾಹ್ನ ಅವಳು ಬೇಕರಿಯಿಂದ ಪ್ಲಮ್ ಕೇಕ್ ಹಿಡಿದು ಬಂದಳು. ಬೆಳಿಗ್ಗೆ ಪುಸ್ತಕದಲ್ಲಿ ಸಿಕ್ಕಿದ್ದ ಹನ್ನೊಂದನೇ ಚೀಟಿ ಇನ್ನೊಂದು ಕೈಯಲ್ಲಿತ್ತು.

"ನಾಳೆ ಎಷ್ಟೊತ್ತಿಗೆ ಬರ್ತೀಯ?" ಅವನ ಕಣ್ಣು ತಪ್ಪಿಸಿ ಕೇಕಿನ ಡಬ್ಬಿಯ ದಾರ ಬಿಚ್ಚುತ್ತಾ ಕೇಳಿದಳು. ಕೆನ್ನೆ ಕೆಂಪಾಗಿತ್ತು. "ಅಮ್ಮ ಏಳಕ್ಕೆ ಹೊರಡ್ತಾರೆ. ಹೇಳಿಟ್ಟಿರ್ತೀನಿ, ಏನೂ ಅನ್ನಲ್ಲ."

"ಅಪೂರ್ವ, ಪುಸ್ತಕ ಇಟ್ಟಿದ್ದು ನಾನಲ್ಲ."

"ಸಾಕು ನಾಟಕ."

"ಒಂದೂ ನಾನಲ್ಲ. ಮೊದಲನೇದೂ ನಾನಲ್ಲ." ಮಾನಿಟರ್ ಅನ್ನು ಅವಳ ಕಡೆ ತಿರುಗಿಸಿದ.

ಅವಳು ನಗುತ್ತಲೇ ಓದಲು ಶುರುಮಾಡಿದಳು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅವಳ ಕೈ ತಾನಾಗಿಯೇ ಕೌಂಟರ್ ಬಿಟ್ಟು ಹಿಂದೆ ಸರಿದಿತ್ತು.

"ಶಾಲು ಹೊದ್ಕೋ ಅಂದಿದ್ದು?"

"ನಾನಲ್ಲ."

"ಹಸಿರು ಸ್ವೆಟರ್?"

"ನಾನಲ್ಲ."

"ಮತ್ತೆ ಯಾಕೋ ಸುಮ್ನಿದ್ದೆ?"

"ನೀನು ನಕ್ಕೆ. ಎರಡು ವರ್ಷದಲ್ಲಿ ಮೊದಲನೇ ಸಲ ನನ್ನ ನೋಡಿ ನಕ್ಕೆ. ಅದನ್ನ ವಾಪಸ್ ಕೊಡಕ್ಕೆ ಆಗ್ಲಿಲ್ಲ ನಂಗೆ."

ರಸ್ತೆಯಲ್ಲಿ ಆಟೋವೊಂದು ಹಾರ್ನ್ ಹೊಡೆಯಿತು. ಅವಳು ಬೆಚ್ಚಿ ತಿರುಗಿ ಎದುರು ಸಾಲಿನ ಕಿಟಕಿಗಳನ್ನು ನೋಡಿದಳು. ಮತ್ತೆ ಇವನ ಕಡೆ ತಿರುಗಿದಾಗ ದನಿಯಲ್ಲಿ ಚೂರೂ ಸಲುಗೆ ಇರಲಿಲ್ಲ.

"ಹನ್ನೊಂದು ದಿನ ಯಾವನೋ ನನ್ನ ನೋಡ್ತಿದ್ದ. ಅವನ ಜಾಗದಲ್ಲಿ ನೀನು ಬಂದು ನಿಂತ್ಕೊಂಡೆ. ಅವನು ಬರೆದಿದ್ದಕ್ಕೆಲ್ಲ ನಾನು ನಿನ್ನ ನೋಡಿ ನಾಚ್ಕೊಂಡೆ. ಹೇಳು ಕಿರಣ್, ನಾನು ಇಷ್ಟಪಟ್ಟಿದ್ದು ಯಾರನ್ನ?"

ಅವನು ಶಟರ್ ಎಳೆಯಲು ಕೈ ಹಾಕಿದ. "ಬೈಯೋದಿದ್ರೆ ಆಮೇಲೆ ಬೈಯಿ. ಮೊದಲು ಸ್ಟೇಷನ್‌ಗೆ ಹೋಗೋಣ, ಕೋಕಿಲಾ ಆಂಟಿಗೂ ಫೋನ್ ಮಾಡು," ಎಂದ. ಠಾಣೆಯವರೆಗೂ ಅವಳು ಅವನಿಂದ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಠಾಣೆಯ ಎಸ್‌ಐ ಕಲಾವತಿ ಫೈಲನ್ನು ಓದಿ, ಹನ್ನೆರಡನೇ ಚೀಟಿಗೆ ಬಂದಾಗ ಕನ್ನಡಕ ತೆಗೆದಿಟ್ಟರು. ಎಲ್ಲವನ್ನೂ ಅವರೇ ಗೊತ್ತುಮಾಡಿದರು. ಕ್ರಿಸ್‌ಮಸ್ ಬೆಳಿಗ್ಗೆ ಏಳಕ್ಕೆ ಕೋಕಿಲಾ ಎಂದಿನಂತೆ ಡ್ಯೂಟಿಗೆ ಹೊರಟಂತೆ ಹೊರಟು, ತಿರುವಿನಾಚೆ ನಿಂತಿದ್ದ ಕಾರಿನಲ್ಲಿ ಕೂತರು. ಅಂಗಡಿಯ ಶಟರ್ ಎಳೆದೇ ಇತ್ತು. ಟೆರೇಸಿನ ಮೆಟ್ಟಿಲಲ್ಲಿ ಇಬ್ಬರು ಪೊಲೀಸರು, ಮನೆಯೊಳಗೆ ಕಲಾವತಿ. ಬರುವವನು ತನ್ನ ಗಿರಾಕಿಯೇ ಆಗಿದ್ದರೆ ಗುರುತು ಹಿಡಿಯಲೆಂದು ಕಿರಣನನ್ನೂ ಬೆಳಕು ಹರಿಯುವ ಮೊದಲೇ ಒಳಗೆ ಕರೆದುಕೊಂಡಿದ್ದರು.

ಅಪೂರ್ವ ಹಾಲಿನ ನಡುವೆ ಕುರ್ಚಿಯಲ್ಲಿ ಕೂತಿದ್ದಳು. ಕಿರಣ್ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಅವಳು ಒಂದು ಸಲವೂ ಅವನತ್ತ ನೋಡಲಿಲ್ಲ. ದೂರದ ಚರ್ಚಿನ ಗಂಟೆ ಕೇಳಿಸಿತು, ಕೆಳಗೆ ಸೊಪ್ಪಿನವಳು ಕೂಗುತ್ತಾ ಹೋದಳು. ಏಳೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವಸರವೇ ಇಲ್ಲದ ಹೆಜ್ಜೆ. ಮೊದಲ ಮಹಡಿಯಲ್ಲಿ ಸ್ವಲ್ಪ ನಿಂತು ಮತ್ತೆ ಹತ್ತಿತು.

ಬೆಲ್ ಆಗಲಿಲ್ಲ. ಯಾರೋ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿದರು.

"ಅಪೂರ್ವ," ಎಂದಿತು ದನಿ, ತುಂಬ ಮೆತ್ತಗೆ. "ನಾನು ಕಣೇ, ಕಿರಣ್. ಬಾಗಿಲು ತೆಗಿ."

ಒಳಗೆ ನಿಂತಿದ್ದ ಕಿರಣ್ ಗೋಡೆ ಬಿಟ್ಟು ನೆಟ್ಟಗಾದ. ಅಪೂರ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೊದಲ ಬಾರಿಗೆ ಅವನ ಕಡೆ ನೋಡಿದಳು. ಬಾಗಿಲಿನ ಆಚೆಗೊಬ್ಬ ಕಿರಣ್, ಈಚೆಗೊಬ್ಬ. ಅವಳ ಕಣ್ಣಲ್ಲಿದ್ದ ಭಯದಲ್ಲಿ ಇಬ್ಬರಿಗೂ ಪಾಲಿತ್ತು.

ಕಲಾವತಿ ಚಿಲಕ ತೆಗೆದರು. ಮೇಲಿನ ಮೆಟ್ಟಿಲಿಂದ ಬೂಟುಗಳು ದಡದಡ ಇಳಿದವು. ಇಸ್ತ್ರಿ ಮಾಡಿದ ಬಿಳಿ ಶರ್ಟು, ನೀಟಾಗಿ ಬಾಚಿದ ತಲೆ, ಕೈಯಲ್ಲಿ ಬ್ರೌನ್ ಪೇಪರಿನ ಪೊಟ್ಟಣ. ಮೂವತ್ತೈದರ ಆಸುಪಾಸು. ಎದುರು ಸಾಲಿನ ಮೂರನೇ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದು, ಆಧಾರ್ ಕಾಪಿ ತೆಗೆಸಲು ಅಂಗಡಿಗೆ ಬಂದಾಗಲೆಲ್ಲ 'ಥ್ಯಾಂಕ್ಸ್ ಗುರು' ಎನ್ನುತ್ತಿದ್ದ ಮನುಷ್ಯ. ಅವನು ಕೊಸರಾಡಲಿಲ್ಲ. ಕಿರಣನನ್ನು ನೋಡಿ ಸ್ವಲ್ಪ ನಕ್ಕ.

"ಅವಳು ನಿನ್ನ ನೋಡಿ ನಕ್ಕಾಗ್ಲೆಲ್ಲ ನಾನು ಮೇಲಿಂದ ನೋಡ್ತಿದ್ದೆ ಗುರು," ಎಂದ. "ನೀನೂ ಇಲ್ಲ ಅನ್ಲಿಲ್ಲ. ನಂಗೆ ಅನುಕೂಲ ಆಯ್ತು."

ಅವನನ್ನು ಕರೆದುಕೊಂಡು ಹೋದ ಮೇಲೆ ಕೋಕಿಲಾ ಮೇಲೆ ಬಂದು ಮಗಳನ್ನು ಅಪ್ಪಿಕೊಂಡು ಕೂತರು. ಕಿರಣ್ ಹೊಸ್ತಿಲು ದಾಟುವಾಗ ಅಪೂರ್ವ ತಲೆ ಎತ್ತದೆಯೇ ಹೇಳಿದಳು:

"ಇನ್ಮೇಲೆ ನೀನು ಬಾಗಿಲಲ್ಲಿ ನಿಂತು 'ಕಿರಣ್' ಅಂದ್ರೂ ನಂಗೆ ಅವನ ದನೀನೇ ಕೇಳ್ಸುತ್ತೆ."

"ನಾನು ಬಾಗಿಲಿಗೆ ಬರಲ್ಲ ಅಪೂರ್ವ. ಕೆಳಗಿರ್ತೀನಿ," ಎಂದಷ್ಟೇ ಹೇಳಿ ಇಳಿದು ಹೋದ.

ಆಮೇಲಿನ ದಿನಗಳು ಅವನಿಗೆ ಬಲು ಉದ್ದವಾಗಿದ್ದವು. ಅವಳು ಅಂಗಡಿಯ ಮುಂದೆಯೇ ಹಾದು ಶಾಲೆಗೆ ಹೋಗುತ್ತಿದ್ದಳು, ಅಮ್ಮನ ಕೈ ಹಿಡಿದುಕೊಂಡು. ಬಾಲ್ಕನಿಗೆ ದಪ್ಪ ಪರದೆ ಬಂತು. ಹೊಸ ವೀಡಿಯೋ ಬರಲಿಲ್ಲ. ಅವಳು ಓದುವುದನ್ನೇ ಬಿಟ್ಟಿದ್ದಾಳೆಂದು ಕೋಕಿಲಾ ಆಂಟಿ ಹೇಳಿದಾಗ ಅವನು ಶಟರ್ ಅರ್ಧ ಎಳೆದು, ಮೆಷಿನ್ ಹಿಂದೆ ಕೂತು ಅತ್ತ.

ಸಂಕ್ರಾಂತಿಯ ಮರುದಿನ ಮಧ್ಯಾಹ್ನ ಕೌಂಟರಿನ ಮೇಲೆ ನೆರಳು ಬಿತ್ತು. ಅಪೂರ್ವ ಒಬ್ಬಳೇ ನಿಂತಿದ್ದಳು. ಸೊರಗಿದ್ದಳು.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬಾರ್ದು."

"ಹೇಳಲ್ಲ."

"ಅವತ್ತು ನಾನು 'ನೀವಾ' ಅಂತ ಕೇಳ್ದಾಗ ನಿಜ ಹೇಳೋ ಧೈರ್ಯ ಇದ್ದಿದ್ರೆ, ಏನಂತಿದ್ದೆ?"

ಅವನು ಓಡುತ್ತಿದ್ದ ಮೆಷಿನ್ ನಿಲ್ಲಿಸಿದ.

"'ನಾನಲ್ಲ ಮೇಡಂ, ಯಾರಿಟ್ರೋ ಗೊತ್ತಿಲ್ಲ' ಅಂತಿದ್ದೆ," ಎಂದ. "'ಆದ್ರೆ ನಾನೇ ಇಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು' ಅಂತ."

ಅವಳು ಅಳು ತಡೆಯಲು ನೋಡಿದಳು, ಆಗಲಿಲ್ಲ.

"ಅಷ್ಟೇ ಸಾಕಾಗಿತ್ತಲ್ಲೋ, ದಡ್ಡ," ಎಂದಳು. "ಅಷ್ಟೇ ಸಾಕಾಗಿತ್ತು ನಂಗೆ."